ಮಂಜು ಕವಿದಾಗ ದಾರಿ: ಗಿರಿ ಚಾರಣಕ್ಕೆ ನಕ್ಷೆ, ಕಂಪಾಸ್

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲಿನಲ್ಲಿ ಕಂಪಾಸ್ ಒಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ಈ ಬೆಟ್ಟಗಳ ಕಲ್ಲಿನಲ್ಲಿ ಕಬ್ಬಿಣದ ಅದಿರಿದೆ. ಕುದುರೆಮುಖದಲ್ಲಿ 2005ರವರೆಗೆ ಅಗೆದದ್ದಂತೂ ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತದ ಗುಣವಿರುವ ಅದಿರು. ಅಂಥ ಬಂಡೆಯ ಪಕ್ಕದಲ್ಲಿ ಮುಳ್ಳು ಸುಳ್ಳು ಹೇಳುತ್ತದೆ. ಹಾಗಾಗಿ ಮೊದಲು ನಕ್ಷೆ, ಆಮೇಲೆ ಕಂಪಾಸ್.

ಸರ್ವೆ ಆಫ್ ಇಂಡಿಯಾದ 1:50,000 ಟೊಪೊಶೀಟ್, ಅಂದರೆ ನೆಲದ ಏರುತಗ್ಗು ತೋರಿಸುವ ನಕ್ಷೆ, ಸಾಕು. ಅದರಲ್ಲಿ 1 ಸೆಂ.ಮೀ. ಅಂದರೆ ನೆಲದಲ್ಲಿ 500 ಮೀಟರ್. ಕಂದು ಬಣ್ಣದವು ಕಾಂಟೂರ್ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು. ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ಎರಡು ಗೆರೆಗಳ ನಡುವೆ 1 ಮಿ.ಮೀ. ಇದ್ದರೆ 50 ಮೀಟರ್ ದೂರಕ್ಕೆ 20 ಮೀಟರ್ ಏರು, ಏದುಸಿರು ಬಿಡಿಸುವಂಥದ್ದು. ಗೆರೆಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಅತ್ತ ಹೋಗುವುದೇ ಬೇಡ. ಗೆರೆಯ ಮೂತಿ ಎತ್ತರದ ಕಡೆಗೆ ಚೂಪಾಗಿದ್ದರೆ ಅದು ಹಳ್ಳ, ತಗ್ಗಿನ ಕಡೆಗಿದ್ದರೆ ಏಣು, ಅಂದರೆ ಬೆಟ್ಟದ ಉಬ್ಬಿದ ಬೆನ್ನು. ನಮ್ಮ ಗಿರಿಗಳಲ್ಲಿ ಇದನ್ನು ಕಣ್ಣಲ್ಲೇ ತಾಳೆ ನೋಡಬಹುದು: ಸಾಮಾನ್ಯವಾಗಿ ಏಣಿನ ಮೇಲೆ ಹುಲ್ಲು, ಹಳ್ಳದ ಮಡಿಕೆಯಲ್ಲಿ ಶೋಲಾ ಎಂಬ ದಟ್ಟ ಕಾಡು.

ಕಂಪಾಸ್ ಪಾರದರ್ಶಕ ತಟ್ಟೆಯದ್ದಾಗಿರಲಿ. ನಿಂತ ಜಾಗದಿಂದ ಹೋಗಬೇಕಾದ ಜಾಗಕ್ಕೆ ತಟ್ಟೆಯ ಅಂಚನ್ನು ನಕ್ಷೆಯ ಮೇಲೆ ಜೋಡಿಸಿ. ತಟ್ಟೆಯ ಮೇಲಿನ ಬಾಣ ಹೋಗುವ ಕಡೆಗೇ ಇರಬೇಕು. ಒಳಗಿನ ಗೆರೆಗಳು ನಕ್ಷೆಯ ಉತ್ತರ-ದಕ್ಷಿಣ ಗೆರೆಗೆ ಸಮಾನಾಂತರವಾಗುವಂತೆ, ಉತ್ತರದ ಗುರುತು ನಕ್ಷೆಯ ಮೇಲ್ಭಾಗಕ್ಕೆ ಬರುವಂತೆ, ಮುಳ್ಳಿನ ಸುತ್ತಲಿನ ಡಿಗ್ರಿ ಬರೆದ ಬಳೆ ತಿರುಗಿಸಿ. ಬಾಣದೆದುರು ಬಂದ ಡಿಗ್ರಿಯೇ ಬೇರಿಂಗ್, ಅಂದರೆ ನಡೆಯಬೇಕಾದ ದಿಕ್ಕು. ಈಗ ಕಂಪಾಸನ್ನು ಎದೆಮಟ್ಟದಲ್ಲಿ ಹಿಡಿದು, ಕೆಂಪು ಮುಳ್ಳು ಉತ್ತರದ ಗುರುತಿನೊಳಗೆ ಕೂರುವವರೆಗೆ ನೀವೇ ತಿರುಗಿ. ಹೊಸಬರು ಬಳೆಯ ದಕ್ಷಿಣವನ್ನು ನಕ್ಷೆಯ ಉತ್ತರಕ್ಕಿಟ್ಟು ಸೀದಾ ಹಿಂದಕ್ಕೆ ನಡೆಯುವುದು ತೀರಾ ಸಾಮಾನ್ಯ. ಮೊಬೈಲ್, ಪವರ್ ಬ್ಯಾಂಕ್ ದೂರವಿರಲಿ.

ನಕ್ಷೆಯ ಉತ್ತರಕ್ಕೂ ಮುಳ್ಳಿನ ಉತ್ತರಕ್ಕೂ ಇಲ್ಲಿ ವ್ಯತ್ಯಾಸ 2 ಡಿಗ್ರಿಗಿಂತ ಕಡಿಮೆ. 1 ಡಿಗ್ರಿಗೆ ಕಿಲೋಮೀಟರಿಗೆ ಸುಮಾರು 17 ಮೀಟರ್ ಪಕ್ಕಕ್ಕೆ ಹೋಗುತ್ತೀರಿ, ಸಣ್ಣ ನಡಿಗೆಗೆ ತಲೆ ಕೆಡಿಸಿಕೊಳ್ಳುವಷ್ಟಲ್ಲ. ಅದಿರಿನ ಕಾಟ ಹಾಗಲ್ಲ. ಅದನ್ನು ಹಿಡಿಯಲು ಹಿಂದಿನ ಗುರುತಿನತ್ತ ತಿರುಗಿ ಬೇರಿಂಗ್ ತೆಗೆಯಿರಿ. ಮುಂದಕ್ಕೆ 40 ಇದ್ದದ್ದು ಹಿಂದಕ್ಕೆ 220 ಬರಬೇಕು. ಐದಾರು ಡಿಗ್ರಿ ತಪ್ಪಿದರೆ ಮೂವತ್ತು ಹೆಜ್ಜೆ ಸರಿದು ಮತ್ತೆ ನೋಡಿ. ಆಗಲೂ ಹೊಂದದಿದ್ದರೆ ಮುಳ್ಳನ್ನು ಬಿಟ್ಟು ಏಣನ್ನೇ ಹಿಡಿಯಿರಿ.

ಮಂಜಿನಲ್ಲಿ ದೂರವನ್ನು ಹೆಜ್ಜೆಯಲ್ಲೇ ಅಳೆಯಬೇಕು. 100 ಮೀಟರಿಗೆ ನಿಮ್ಮ ಎಡಗಾಲು ಎಷ್ಟು ಸಲ ಊರುತ್ತದೆ ಎಂದು ಊರಿನ ರಸ್ತೆಯಲ್ಲೇ ಎಣಿಸಿಟ್ಟುಕೊಳ್ಳಿ. ಹಲವರಿಗೆ 60ರಿಂದ 70, ಏರಿನಲ್ಲಿ ಇನ್ನೂ ಜಾಸ್ತಿ. ಜೊತೆಯವರೊಬ್ಬರನ್ನು ಕಣ್ಣಿಗೆ ಕಾಣುವಷ್ಟು ಮುಂದೆ ಕಳಿಸಿ, ಬೇರಿಂಗ್ ಗೆರೆಯ ಮೇಲೆ ನಿಲ್ಲಿಸಿ, ಅಲ್ಲಿಗೆ ನಡೆಯಿರಿ. ದನದ ದಾರಿ ನಂಬಬೇಡಿ, ಅದು ನೀರಿಗೋ ಮೇವಿಗೋ ಹೋಗುತ್ತದೆ.

ಎಣಿಕೆ ಮುಗಿದರೂ ನಕ್ಷೆಯ ಗುರುತು ಸಿಗಲಿಲ್ಲವೇ? ನಿಂತು, ಕೊನೆಯದಾಗಿ ಖಚಿತವಿದ್ದ ಜಾಗಕ್ಕೆ ವಾಪಸ್ ಬನ್ನಿ. ಹಳ್ಳ ಹಿಡಿದು ಇಳಿಯಬೇಡಿ, ಬಲ್ಲಾಳರಾಯನ ದುರ್ಗದ ಪಶ್ಚಿಮದ ಅಂಚಿನಲ್ಲಿ ಹಳ್ಳ ಸೇರುವುದು ಬಂಡಾಜೆಯಂಥ ಜಲಪಾತವನ್ನು.