ಟೆಂಟ್ ಹಾಕುವ ಮುನ್ನ ಅಂಗಳ ಕೇಳಿ: ಮಲೆನಾಡಿಗೆ ಮರಳಿದವರಿಗೆ

ಹೊರದೇಶದಲ್ಲಿ ವರ್ಷಗಟ್ಟಲೆ ಇದ್ದು ಶಿವಮೊಗ್ಗಕ್ಕೆ ಬಂದು ನೆಲೆಸುವ ಕುಟುಂಬಗಳು ಮನೆ ಜೋಡಿಸಿಕೊಂಡು, ಮಕ್ಕಳನ್ನು ಶಾಲೆಗೆ ಸೇರಿಸಿ, ಗ್ಯಾಸ್ ಸಂಪರ್ಕ ಪಡೆದು ಉಸಿರು ಬಿಟ್ಟ ಮೇಲೆ ನನ್ನನ್ನು ಕೇಳುವ ಮೊದಲ ಪ್ರಶ್ನೆ, ‘ವಾರಾಂತ್ಯಕ್ಕೆ ಟೆಂಟ್ ಹಾಕುವ ಜಾಗ ಇಲ್ಲಿ ಎಲ್ಲಿದೆ?’ ಎಂಬುದು. ನಾವು ಮಿಷಿಗನ್‌ನಿಂದ 2012ರಲ್ಲಿ ಮರಳಿದಾಗ ನಾನೂ ಇದನ್ನೇ ಕೇಳಿದ್ದೆ. ಸಾಮಾನಿನ ಜೊತೆ ನಾಲ್ಕು ಜನರ ಟೆಂಟ್ ಬಂದಿತ್ತು. ಅಲ್ಲಿಯ ರೂಢಿ ಗೊತ್ತಲ್ಲ: ಉದ್ಯಾನದಲ್ಲಿ ಸಂಖ್ಯೆ ಬರೆದ ಜಾಗ, ಮರದ ಮೇಜು, ಬೆಂಕಿಗೆಂದು ಕಬ್ಬಿಣದ ಬಳೆ, ಹತ್ತಿರದಲ್ಲಿ ನಲ್ಲಿ. ತಿಂಗಳುಗಳ ಮೊದಲೇ ಕಾಯ್ದಿರಿಸಿದರೆ ಆ ಎರಡು ರಾತ್ರಿ ಆ ಜಾಗ ನಮ್ಮದು.

ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮಲೆನಾಡಿನಲ್ಲಿ ಖಾಲಿ ಎಂದು ಕಾಣುವ ಜಾಗ ಯಾವುದೂ ಖಾಲಿಯಿಲ್ಲ. ಎದುರಿನ ಗುಡ್ಡ ಮೀಸಲು ಅರಣ್ಯವಾಗಿರುತ್ತದೆ, ಇಲ್ಲವೇ ಅಭಯಾರಣ್ಯದ ಒಳಗಿರುತ್ತದೆ. ಅದರ ಬುಡದ ಇಳಿಜಾರು ಯಾರದೋ ತೋಟಕ್ಕೆ ಸೇರಿದ, ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಹತ್ತು ದೊಡ್ಡ ಮರಗಳು ಒತ್ತಾಗಿ ನಿಂತಿದ್ದರೆ ಅದು ದೇವರಕಾಡು. ಆದ್ದರಿಂದ ನನ್ನ ಉತ್ತರ ಯಾವಾಗಲೂ ಒಂದೇ: ಜಾಗ ಹುಡುಕಬೇಡಿ, ಮನೆ ಹುಡುಕಿ. ಒಂದು ಮನೆಯವರನ್ನು ಕೇಳಿ, ಅವರು ತೋರಿಸಿದ ಕಡೆ ಟೆಂಟ್ ಹಾಕಿ.

ನಾನು ಇದನ್ನು ಕಲಿತದ್ದು ತೀರ್ಥಹಳ್ಳಿ ಕಡೆಯ ಮಾಲತಿ ಹೊಳೆಯ ದಡದಲ್ಲಿ. ಬಂದ ವರ್ಷದ ಅಕ್ಟೋಬರ್‌ನಲ್ಲಿ ಸಹೋದ್ಯೋಗಿಯೊಬ್ಬರ ಸಂಬಂಧಿಕರ ತೋಟಕ್ಕೆ ಹೋಗಿದ್ದೆವು. ಹೊಳೆಯ ಅಂಚಿನಲ್ಲಿ ಬಿಳಿ ಮರಳಿನ ಚಪ್ಪಟೆ ದಿಬ್ಬ, ಮೊಣಕಾಲಿನಷ್ಟು ನೀರು, ಮೇಲೆ ತಿಳಿಯಾದ ಆಕಾಶ. ಅದಕ್ಕಿಂತ ಒಳ್ಳೆಯ ಜಾಗ ಉಂಟೇ ಎಂದುಕೊಂಡು ಟೆಂಟ್ ಎಬ್ಬಿಸಿದೆವು. ಮಗಳು ಮೂರು ಕಲ್ಲು ಜೋಡಿಸಿ ಆಟದ ಒಲೆ ಹೂಡಿದಳು. ಸಂಜೆ ಆ ಮನೆಯ ಹಿರಿಯಮ್ಮ ಟಾರ್ಚ್ ಹಿಡಿದು ಇಳಿದು ಬಂದರು. ‘ಇಲ್ಲಿ ಮಲಗುವುದು ಬೇಡ ತಮ್ಮಾ. ಆಗುಂಬೆ ಕಡೆ ಮಿಂಚುತ್ತಿದೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಬರುತ್ತದೆ’ ಎಂದರು. ನಾನು ಆಕಾಶ ನೋಡಿದೆ, ನಕ್ಷತ್ರ ಕಾಣುತ್ತಿತ್ತು. ಅವರು ವಾದ ಮಾಡಲಿಲ್ಲ, ಟೆಂಟಿನ ಒಂದು ಗೂಟ ಕಿತ್ತು ಕೈಯಲ್ಲಿ ಹಿಡಿದು ನಿಂತರು. ಎಲ್ಲವನ್ನೂ ಮೇಲಕ್ಕೆ ಹೊತ್ತು, ಕೊಟ್ಟಿಗೆಯ ಪಕ್ಕದ ಕಣದಲ್ಲಿ ಮಲಗಿದೆವು. ಬೆಳಿಗ್ಗೆ ಇಳಿದು ನೋಡಿದರೆ ಮರಳಿನ ದಿಬ್ಬವೇ ಇರಲಿಲ್ಲ. ಮಗಳ ಒಲೆ ಇದ್ದ ಕಡೆ ಕೆಂಪು ನೀರು ಸುಳಿ ಸುತ್ತುತ್ತಿತ್ತು.

ಅಂದಿನಿಂದ ನಾನು ಹೊಳೆಯ ಪಾತ್ರದಲ್ಲಿ ಟೆಂಟ್ ಹಾಕಿಲ್ಲ, ಹಾಕುವವರನ್ನು ಕಂಡರೆ ಸುಮ್ಮನಿರುವುದೂ ಇಲ್ಲ. ಅಣೆಕಟ್ಟೆಯ ಕೆಳಗಿನ ಹೊಳೆಯಾದರೆ ಇನ್ನೂ ಎಚ್ಚರ ಬೇಕು. ಗಾಜನೂರಿನ ಕೆಳಗೆ ತುಂಗೆ, ಲಕ್ಕವಳ್ಳಿಯ ಕೆಳಗೆ ಭದ್ರೆ, ಲಿಂಗನಮಕ್ಕಿಯ ಕೆಳಗೆ ಶರಾವತಿ ಮಳೆಯಿಲ್ಲದೆಯೂ ಏರಬಲ್ಲವು.

ಯಾವಾಗ ಹೋಗಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹೆಚ್ಚಿನವರು ತಪ್ಪುವುದು ಇಲ್ಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟೆಂಟನ್ನು ಅಟ್ಟದಲ್ಲೇ ಬಿಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಯಾವ ದೇಶದ ಎಷ್ಟು ದುಬಾರಿ ಟೆಂಟ್ ಆದರೂ ಆ ಮಳೆಗೆ ಹೇಳಿಸಿದ್ದಲ್ಲ. ಆಗ ಹೋಗಬೇಕಾದದ್ದು ನೋಡಲಿಕ್ಕೆ: ಜೋಗದ 253 ಮೀಟರ್ ಧುಮುಕು, ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳು. ರಾತ್ರಿ ಮನೆಗೆ ಮರಳಿ.

ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗಿನ ಆರು ವಾರ ನಮ್ಮ ನಿಜವಾದ ಟೆಂಟ್ ಕಾಲ. ಹಸಿರು ಇನ್ನೂ ಬಾಡಿರುವುದಿಲ್ಲ, ಹಳ್ಳಗಳಲ್ಲಿ ತಿಳಿನೀರು ಇರುತ್ತದೆ, ಬೆಳಗಿನ ಹೊತ್ತು ಮಂಜು ಗದ್ದೆಯ ಮೇಲೆ ಕುಳಿತಿರುತ್ತದೆ. ಸಂಜೆ ಗುಡುಗು ಬರಬಹುದು, ಅಷ್ಟೇ. ಡಿಸೆಂಬರ್, ಜನವರಿಯ ಚಳಿ ಇನ್ನೂ ಹಿತ. ಆದರೆ ಆಗಿನಿಂದ ಮಂಗನ ಕಾಯಿಲೆಯ ಕಾಲ. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ, ಪ್ರವಾಸದ ಜಾಹೀರಾತಿನಲ್ಲಂತೂ ಇರುವುದೇ ಇಲ್ಲ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಗುರುತಿಸಿದ ರೋಗ ಇದು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಆ ಊರಿನ ಹೆಸರೇ ರೋಗಕ್ಕಿದೆ. ವೈರಸ್ಸನ್ನು ಹರಡುವುದು ಕಾಡಿನ ತರಗೆಲೆಯಲ್ಲಿರುವ ಉಣುಗು. ಎಳ್ಳಿನ ಕಾಳಿಗಿಂತ ಚಿಕ್ಕದಿರುವ ಮರಿ ಉಣುಗು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಿಂದ ಮೇವರೆಗೆ ಇವುಗಳ ಹಾವಳಿ ಹೆಚ್ಚು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಈ ಕಾಯಿಲೆ ಹಲವರ ಜೀವ ತೆಗೆಯಿತು. ಸತ್ತವರಲ್ಲಿ ಹೆಚ್ಚಿನವರು ದರಗು ತರಲು, ಸೌದೆ ತರಲು ಕಾಡಿಗೆ ಹೋಗಿ ಬರುವ ಸಾಮಾನ್ಯ ಜನ. ಅವರಿಗೆ ಕಾಡು ಅನಿವಾರ್ಯ, ನಮಗೆ ಅದು ಬಿಡುವಿನ ಖುಷಿ. ಹಾಗಾಗಿ ಎಚ್ಚರ ನಮ್ಮ ಹೊಣೆ.

ಡಿಸೆಂಬರ್ ನಂತರ ಮರದಡಿಯ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಕೊಯ್ಲು ಮುಗಿದ ಬಯಲು ಗದ್ದೆ, ಸೆಗಣಿ ಸಾರಿಸಿದ ಕಣ, ಗುಡಿಸಿದ ಅಂಗಳ ಒಳ್ಳೆಯದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಕೇಳಿ ಪಡೆದು ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಲ್ಲಿ ನೆನೆಸಿ. ಮಕ್ಕಳ ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿಯ ಸಂದಿಯನ್ನು ಬೆಳಕಿನಲ್ಲಿ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೋಗಿ ಬಂದ ಒಂದೆರಡು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ‘ಕಾಡಿಗೆ ಹೋಗಿದ್ದೆವು’ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಯಾವ ಊರಿನಲ್ಲಿ ಕಾಯಿಲೆ ಕಾಣಿಸಿದೆ ಎಂದು ಆ ವಾರದ ಪತ್ರಿಕೆಯಲ್ಲಿ ನೋಡಿಕೊಂಡು, ಆ ಕಡೆಯ ಪ್ರವಾಸವನ್ನು ಮುಂದೂಡಿ.

ವಿಚಿತ್ರವೆಂದರೆ, ಹೊಸಬರು ಹೆದರುವುದು ಉಂಬಳಕ್ಕೆ, ಅಂದರೆ ನೆಲದ ಜಿಗಣೆಗೆ. ಮಳೆಗಾಲದಿಂದ ನವೆಂಬರ್‌ವರೆಗೆ ಒದ್ದೆ ನೆಲದಲ್ಲಿ ಉಂಬಳ ಹತ್ತಿಯೇ ಹತ್ತುತ್ತದೆ. ಸ್ವಲ್ಪ ರಕ್ತ ಕುಡಿದು ತಾನೇ ಉದುರುತ್ತದೆ. ಒಂದು ಪೊಟ್ಟಣ ಉಪ್ಪು, ಸುಣ್ಣದ ಡಬ್ಬಿ, ಮೊಣಕಾಲಿನವರೆಗೆ ಬರುವ ದಪ್ಪ ಕಾಲುಚೀಲ ಸಾಕು. ಕಚ್ಚಿದ ಕಡೆ ರಕ್ತ ಕೂಡಲೇ ನಿಲ್ಲದಿದ್ದರೂ ಗಾಬರಿ ಬೇಡ. ಉಂಬಳ ಕಂಡು ಕಿರುಚುವ ಮಕ್ಕಳು ಎರಡನೆಯ ಸಲ ಅದನ್ನು ಎಣಿಸುತ್ತಾರೆ.

ಫೆಬ್ರವರಿಯಿಂದ ಕಾಡು ಒಣಗುತ್ತದೆ, ಕಾಳ್ಗಿಚ್ಚಿನ ದಿನಗಳು ಶುರುವಾಗುತ್ತವೆ. ಆಗ ಟೆಂಟ್ ಬೇಡವೆಂದೇ ನನ್ನ ಸಲಹೆ.

ಬೆಂಕಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೊರದೇಶದಲ್ಲಿ ಟೆಂಟ್ ಎಂದರೆ ಬೆಂಕಿ, ಬೆಂಕಿಯ ಸುತ್ತ ಕುರ್ಚಿ. ಇಲ್ಲಿ ಅರಣ್ಯದೊಳಗೆ ಬೆಂಕಿ ಹಚ್ಚುವುದು ಅಪರಾಧ. ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಕಾಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಶೆಟ್ಟಿಹಳ್ಳಿ ಅಭಯಾರಣ್ಯ ಶಿವಮೊಗ್ಗ ಪೇಟೆಯ ಬೆನ್ನಿಗೇ ಇದೆ. ರಸ್ತೆ ಪಕ್ಕದ ಸುಂದರ ಬಯಲು ಕಂಡು ಕಾರು ನಿಲ್ಲಿಸಿದರೆ ನೀವು ಅದರೊಳಗೇ ಇರಬಹುದು. ಮನೆಯವರ ಜಾಗದಲ್ಲಿ, ಅವರು ತೋರಿಸಿದ ಕಲ್ಲಿನ ಒಲೆಯಲ್ಲಿ, ಅವರು ಕೊಟ್ಟ ಸೌದೆಯಿಂದ ಬೆಂಕಿ ಮಾಡಿ. ಮಲಗುವ ಮುನ್ನ ಬೂದಿಯೊಳಗೆ ಕೈಯಿಡಬಹುದಾದಷ್ಟು ನೀರು ಹಾಕಿ.

ಈಗ ಎಲ್ಲಿಗೆ ಎಂಬ ಮಾತು. ಮೊದಲ ರಾತ್ರಿ ನಿಮ್ಮ ಮನೆಯ ತಾರಸಿಯ ಮೇಲೆಯೇ ಮಲಗಿ. ಚಳಿದೇಶಕ್ಕೆಂದು ಹೊಲಿದ ಟೆಂಟಿನಲ್ಲಿ ನಮ್ಮ ಸೆಕೆಗೆ ಎಷ್ಟು ಬೆವರುತ್ತೀರಿ, ಬೆಳಗಿನ ಇಬ್ಬನಿಗೆ ಎಷ್ಟು ನೆನೆಯುತ್ತೀರಿ ಎಂದು ಗೊತ್ತಾಗುತ್ತದೆ. ಮರುದಿನ ಬೆಳಿಗ್ಗೆ ಹದಿನಾಲ್ಕು ಕಿಲೋಮೀಟರ್ ದೂರದ ಸಕ್ರೆಬೈಲಿಗೆ ಹೋಗಿ, ತುಂಗೆಯ ಹಿನ್ನೀರಿನಲ್ಲಿ ಆನೆಗಳನ್ನು ಮಾವುತರು ಉಜ್ಜಿ ತೊಳೆಯುವುದನ್ನು ಮಕ್ಕಳಿಗೆ ತೋರಿಸಿ. ಅದು ಬೆಳಗಿನ ಹೊತ್ತಿನ ಕೆಲಸ, ಮಧ್ಯಾಹ್ನ ಹೋದರೆ ಸಿಗುವುದಿಲ್ಲ.

ನೀರಿನ ಆಟ ಬೇಕಿದ್ದವರಿಗೆ ಶರಾವತಿ ಹಿನ್ನೀರಿನ ಹೊನ್ನೆಮರಡುಗಿಂತ ಒಳ್ಳೆಯ ಜಾಗ ಜಿಲ್ಲೆಯಲ್ಲಿಲ್ಲ. ಸಾಗರದಿಂದ ಜೋಗದ ದಾರಿ ಹಿಡಿದು ತಾಳಗುಪ್ಪದ ಬಳಿ ತಿರುಗಬೇಕು. ಶಿವಮೊಗ್ಗದಿಂದ ತಾಳಗುಪ್ಪದವರೆಗೆ ರೈಲೂ ಇದೆ. ತೆಪ್ಪ, ಕಯಾಕ್, ನಡುಗಡ್ಡೆಯ ಮೇಲೆ ಟೆಂಟ್, ಕಲಿಸುವ ಅನುಭವಿಗಳು ಎಲ್ಲ ಇದ್ದಾರೆ. ಮೊದಲೇ ಮಾತಾಡಿಕೊಂಡು ಹೋಗಬೇಕು, ಈಜು ಬಂದರೂ ಜೀವರಕ್ಷಕ ಜಾಕೆಟ್ ಕಳಚಬಾರದು. ಜೋಗದ ಸಮೀಪ ಜಂಗಲ್ ಲಾಡ್ಜಸ್ ಸಂಸ್ಥೆಯ ಶರಾವತಿ ಸಾಹಸ ಶಿಬಿರವೂ ಇದೆ. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಅದೇ ಅನುಕೂಲ. ಇವೆರಡನ್ನು ಬಿಟ್ಟು ಹಿನ್ನೀರಿನ ದಡದಲ್ಲಿ ಯಾರೋ ಹಣ ಪಡೆದು ಟೆಂಟ್ ಕೊಡುತ್ತೇನೆ ಎಂದರೆ, ಜಾಗ ಯಾರದು, ಅನುಮತಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಆ ನೀರಿನ ಮೇಲೆ ತೇಲುವಾಗ ಮಕ್ಕಳಿಗೆ ಒಂದು ವಿಷಯ ಹೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಈ ನೀರಿನ ಕೆಳಗೆ ಊರುಗಳು, ತೋಟಗಳು, ಗದ್ದೆಗಳು ಮುಳುಗಿದವು. ಅಲ್ಲಿಂದ ಎದ್ದು ಬಂದ ಕುಟುಂಬಗಳಲ್ಲಿ ಎಷ್ಟೋ ಜನ ಭೂಮಿಯ ಹಕ್ಕಿಗಾಗಿ ಇನ್ನೂ ಹೋರಾಡುತ್ತಿದ್ದಾರೆ. ಕಡು ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು, ಮೊದಲಿದ್ದ ಹಿರೇಭಾಸ್ಕರ ಅಣೆಕಟ್ಟೆ ಕಾಣಿಸಿಕೊಳ್ಳುತ್ತವೆ. ನಿಮ್ಮ ಟೆಂಟಿಗೆ ಜಾಗ ಕೊಡುವ ಮನೆಯವರ ಅಜ್ಜನ ಮನೆ ಅಲ್ಲಿ ಇದ್ದಿರಬಹುದು. ಅವರು ಆ ಕಥೆ ಹೇಳಲು ಶುರು ಮಾಡಿದರೆ ಮೊಬೈಲ್ ಒಳಗಿಟ್ಟು ಕೇಳಿ.

ಬೆಟ್ಟಗಳನ್ನು ಹಗಲಿಗೆ ಇಟ್ಟುಕೊಳ್ಳಿ. 1,343 ಮೀಟರ್ ಎತ್ತರದ ಕೊಡಚಾದ್ರಿ, ಕೆಳದಿ ಅರಸರ ಕವಲೇದುರ್ಗ ಕೋಟೆ, ಮೇಲಿನವರೆಗೆ ರಸ್ತೆಯಿರುವ ಕುಂದಾದ್ರಿ ಎಲ್ಲವನ್ನೂ ಹತ್ತಿ ಇಳಿದು ರಾತ್ರಿ ತಪ್ಪಲಿನ ಮನೆಯಲ್ಲಿ ತಂಗಿ. ಕುಂದಾದ್ರಿಯ ನೆತ್ತಿಯಲ್ಲಿ ಪಾರ್ಶ್ವನಾಥ ಬಸದಿಯಿದೆ, ಅಲ್ಲಿಗೆ ಮಾಂಸ, ಮದ್ಯ ಒಯ್ಯಬಾರದು. ಅರಣ್ಯದೊಳಗಿನ ಯಾವ ಚಾರಣಕ್ಕೆ ಅವಕಾಶವಿದೆ ಎಂದು ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನೋಡಿ, ಇಲ್ಲವೇ ಆಯಾ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಮನೆಯವರನ್ನು ಕೇಳುವ ಬಗೆ. ಹೋಂಸ್ಟೇ ನಡೆಸುವವರಾದರೆ ನೇರವಾಗಿ ದರ ಕೇಳಿ, ಟೆಂಟ್‌ಗೆ ಅಂಗಳ ಕೊಡುತ್ತೀರಾ ಎಂದು ಕೇಳಿ. ಪರಿಚಯದ ಮನೆಯಾದರೆ ವಾರ ಮುಂಚೆ ಫೋನ್ ಮಾಡಿ, ಸಂಜೆ ನಾಲ್ಕರೊಳಗೆ ತಲುಪಿ. ಅಡಿಕೆ ಸುಗ್ಗಿಯಲ್ಲಿ ಅಂಗಳವೇ ಸಿಗುವುದಿಲ್ಲ, ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ಒಣಗಲು ಹರಡಿದ ಅಡಿಕೆಯನ್ನು ದಾಟಬೇಡಿ, ತುಳಿಯಬೇಡಿ, ಅದು ಆ ಮನೆಯ ವರ್ಷದ ಅನ್ನ. ಆದರೆ ಸುಗ್ಗಿಯ ರಾತ್ರಿ ಆ ಮನೆಯಲ್ಲಿರುವ ಭಾಗ್ಯವೇ ಬೇರೆ. ಜಗಲಿಯಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಕೂತವರ ಕೈಯಲ್ಲಿ ಹಸಿ ಅಡಿಕೆ ಒಂದೇ ಒತ್ತಿಗೆ ಸಿಪ್ಪೆ ಬಿಡುತ್ತದೆ, ಪಕ್ಕದ ಹಂಡೆಯಲ್ಲಿ ಅಡಿಕೆ ಬೇಯಿಸುವ ಕೆಂಪು ರಸವಾದ ಚೊಗರು ಕುದಿಯುವ ಒಗರು ವಾಸನೆ ಮನೆ ತುಂಬಿರುತ್ತದೆ. ಮಕ್ಕಳಿಗೆ ಕತ್ತಿ ಮುಟ್ಟಲು ಬಿಡಬೇಡಿ, ಸುಲಿದದ್ದನ್ನು ಬುಟ್ಟಿಗೆ ತುಂಬಲು ಬಿಡಿ. ಬಿಳಿ ಬಟ್ಟೆ ಮಾತ್ರ ಬೇಡ, ಚೊಗರಿನ ಕಲೆ ಯಾವ ಸಾಬೂನಿಗೂ ಹೋಗುವುದಿಲ್ಲ.

ಊಟಕ್ಕೆ ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಬಾಳೆಹಣ್ಣು ಒಯ್ದರೆ ಎರಡು ದಿನ ಕಳೆಯಬಹುದು. ಆದರೆ ಮನೆಯವರು ಕಡುಬು, ತಂಬುಳಿ ಬಡಿಸದೆ ಬಿಡುವುದಿಲ್ಲ. ಪರಿಚಯದ ಮನೆಯಲ್ಲಿ ಹಣ ಕೊಡಲು ಹೋದರೆ ನೊಂದುಕೊಳ್ಳುತ್ತಾರೆ. ಪೇಟೆಯ ಹಣ್ಣು, ಬೇಕರಿಯ ತಿಂಡಿ, ಮಕ್ಕಳಿಗೆ ಪುಸ್ತಕ ಒಯ್ಯಿರಿ. ಪ್ಲಾಸ್ಟಿಕ್ ಕಸವನ್ನು ಒಂದು ಚೂರೂ ಬಿಡದೆ ವಾಪಸ್ ತನ್ನಿ. ಹಳ್ಳಿಯಲ್ಲಿ ಅದನ್ನು ಒಯ್ಯುವ ಗಾಡಿ ಇರುವುದಿಲ್ಲ, ದನಗಳ ಹೊಟ್ಟೆಗೆ ಹೋಗುತ್ತದೆ.

ರಾತ್ರಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬೇಡಿ, ಬೆಳಿಗ್ಗೆ ಬೂಟನ್ನು ಕೊಡವದೆ ತೊಡಬೇಡಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಆ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ, ಆಸ್ಪತ್ರೆ ಸೇರಿ. ಎಷ್ಟೋ ಕಣಿವೆಗಳಲ್ಲಿ ಮೊಬೈಲ್ ಸಂಕೇತ ಸಿಗುವುದಿಲ್ಲ, ಆದ್ದರಿಂದ ಎಲ್ಲಿ ಇರುತ್ತೇವೆ, ಯಾವಾಗ ಮರಳುತ್ತೇವೆ ಎಂದು ಒಬ್ಬರಿಗೆ ಬರೆದು ಕೊಟ್ಟು ಹೊರಡಿ.

ಭಾನುವಾರ ಸಂಜೆ ಎಷ್ಟೇ ದಣಿದಿದ್ದರೂ ಟೆಂಟನ್ನು ಚೀಲದಲ್ಲೇ ಬಿಡಬೇಡಿ. ಒಂದು ರಾತ್ರಿ ಇಬ್ಬನಿ ಕುಡಿದ ಬಟ್ಟೆ ನಮ್ಮ ಹವೆಯಲ್ಲಿ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ತಾರಸಿಯ ಹಗ್ಗದ ಮೇಲೆ ಬಿಡಿಸಿ ಹರಡಿ, ಎರಡು ಬಿಸಿಲು ಕಾಯಿಸಿ, ಮಡಚುವಾಗ ಹೊಲಿಗೆಗಳ ಸಂದಿಯಲ್ಲಿ ಉಣುಗು ಕುಳಿತಿದೆಯೇ ಎಂದು ಬೆರಳಿನಿಂದ ತಡವಿ ನೋಡಿ. ನಾವು ಅಂದು ತಂದ ಆ ಟೆಂಟ್ ಇನ್ನೂ ಹಾಗೆಯೇ ಒಣಗಿ, ಅಟ್ಟದಲ್ಲಿದೆ. ಒಂದು ಗೂಟ ಮಾತ್ರ ಕಡಿಮೆ. ಅದು ಮಾಲತಿ ದಡದ ಆ ಮನೆಯಲ್ಲಿ ದನ ಕಟ್ಟುವುದಕ್ಕೆ ಉಳಿದುಕೊಂಡಿದೆ.