ನಾಲ್ಕು ಜನ, ನಾಲ್ಕು ದೇಶ, ತಲೆಗೊಂದು ಬ್ಯಾಗು: ಸುತ್ತಾಟಕ್ಕೂ ವಾಲಂಟಿಯರ್ ಕೆಲಸಕ್ಕೂ ಹೊರಡುವ ಮುಂಚೆ

ನಾವು ಹೋದದ್ದು ನಾಲ್ಕು ಜನ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾ, ಎಲ್ಲಾ ಸೇರಿ ಹತ್ತು ವಾರ. ಹೆಸರು ಯಾಕೆ, ಊರಿನಿಂದಲೇ ಕರೆಯುತ್ತೇನೆ: ಶಿರಸಿ, ಹಾಸನ, ಗದಗ, ಮತ್ತೆ ನಾನು. ವಾಪಸ್ ಬಂದಾಗಿನಿಂದ ಸಿಕ್ಕವರೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ, ದುಡ್ಡಿನ ಲೆಕ್ಕ ಹೇಗೆ ಇಟ್ರಿ, ವಾಲಂಟಿಯರ್ ಕೆಲಸ ಹೇಗೆ ಸಿಕ್ತು. ಎರಡಕ್ಕೂ ಉತ್ತರ ಕೆಳಗಿದೆ. ಆದರೆ ಯಾರೂ ಕೇಳದ ವಿಷಯ ಒಂದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ: ನಾಲ್ಕು ಜನ ಒಟ್ಟಿಗೆ ಬರ್ತೀವಿ ಅಂದರೆ ಯಾರೂ ಸೇರಿಸಿಕೊಳ್ಳುವುದಿಲ್ಲ.

ಎರಡೆರಡಾಗಿ ಒಡೆಯಿರಿ

ವರ್ಕ್‌ಅವೇ, ವರ್ಲ್ಡ್‌ಪ್ಯಾಕರ್ಸ್ ಥರದ ವೆಬ್‌ಸೈಟುಗಳಲ್ಲಿ ವರ್ಷದ ಚಂದಾ ಕಟ್ಟಿದರೆ ತೋಟ, ಹಾಸ್ಟೆಲ್, ಹೋಮ್‌ಸ್ಟೇಗಳ ಪಟ್ಟಿ ಸಿಗುತ್ತದೆ. ಲೆಕ್ಕ ಸಾಮಾನ್ಯವಾಗಿ ಹೀಗೆ: ದಿನಕ್ಕೆ 4–5 ಗಂಟೆ, ವಾರಕ್ಕೆ 5 ದಿನ ಕೆಲಸ, ಬದಲಿಗೆ ಮಲಗಲು ಜಾಗ, ಎಷ್ಟೋ ಕಡೆ ಊಟವೂ. ನಾವು ನಾಲ್ವರ ಹೆಸರಲ್ಲಿ ಒಂದೇ ಮೆಸೇಜು ಬರೆದು ಹನ್ನೊಂದು ಕಡೆ ಕಳಿಸಿದೆವು. ಒಂದೂ ಉತ್ತರ ಇಲ್ಲ. ನೀವೇ ಯೋಚಿಸಿ, ನಿಮ್ಮ ಮನೆಗೆ ಗುರುತಿಲ್ಲದ ನಾಲ್ಕು ಜನ ಹದಿನೈದು ದಿನಕ್ಕೆ ಬಂದು ಕೂತರೆ ಅಮ್ಮ ಏನಂತಾರೆ? ಅವರಿಗೆ ಬೇಯಿಸಿ ಹಾಕುವುದೇ ಒಂದು ಕೆಲಸವಾಗುತ್ತದೆ, ಅದರ ಮೇಲೆ ಬಂದವರು ತಮ್ಮತಮ್ಮಲ್ಲೇ ಅರ್ಥವಾಗದ ಭಾಷೆಯಲ್ಲಿ ಹರಟುತ್ತಾ ಕೂತರೆ ಮುಗಿದೇ ಹೋಯಿತು.

ಆಮೇಲೆ ಶಿರಸಿ–ಗದಗ ಒಂದು ಜೋಡಿ, ಹಾಸನ–ನಾನು ಇನ್ನೊಂದು ಅಂತ ಮಾಡಿ, ಹತ್ತಿರ ಹತ್ತಿರದ ಬೇರೆ ಬೇರೆ ಜಾಗಗಳಿಗೆ ಬರೆದೆವು. ಮೂರೇ ದಿನದಲ್ಲಿ ಉತ್ತರ ಬಂತು. ಮೆಸೇಜಿನಲ್ಲಿ ನಮಗೆ ಪ್ರವಾಸ ಅಂದರೆ ಪ್ರಾಣ ಅಂತೆಲ್ಲ ಬರೆಯಬೇಡಿ, ಅದನ್ನು ಎಲ್ಲರೂ ಬರೀತಾರೆ. ಕೈಯಲ್ಲಿ ಏನಾಗುತ್ತದೆ ಅಂತ ಬರೆಯಿರಿ. ಶಿರಸಿಯವಳು ಬರೆದದ್ದು ಇಷ್ಟೇ: ಅಡಿಕೆ ತೋಟದಲ್ಲಿ ಬೆಳೆದವಳು, ಕತ್ತಿ ಹಿಡಿಯಲು ಬರುತ್ತದೆ, ಇಂಬಳ ಹತ್ತಿದರೆ ಕಿರುಚುವುದಿಲ್ಲ. ಎಲ್ಲರಿಗಿಂತ ಮೊದಲು ಕರೆ ಬಂದದ್ದು ಅವಳಿಗೇ.

ಹೀಗೆ ಒಡೆಯುವುದರಿಂದ ಸ್ನೇಹವೂ ಉಳಿಯುತ್ತದೆ. ಐದನೇ ವಾರಕ್ಕೆ ಗದಗದವನು ಉಸಿರಾಡುವ ಸದ್ದೂ ನನಗೆ ಆಗುತ್ತಿರಲಿಲ್ಲ. ನಾಲ್ಕು ದಿನ ಬೇರೆ ಇದ್ದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಇಬ್ಬರೂ ಅರ್ಧ ಗಂಟೆ ಬಿಡದೆ ಮಾತಾಡಿದೆವು. ದೇಶಕ್ಕೊಮ್ಮೆ ಜೋಡಿ ಬದಲಾಯಿಸಿ.

ಸಂಬಳ ಇಲ್ಲದಿದ್ದರೂ ಅದು ಕೆಲಸವೇ

ಇದು ಬೋರಿಂಗ್ ವಿಷಯ, ಆದರೆ ಬಿಡುವಂತಿಲ್ಲ. ಟೂರಿಸ್ಟ್ ವೀಸಾ ಇರುವುದು ಸುತ್ತಾಡುವುದಕ್ಕೆ. ಥಾಯ್ಲೆಂಡಿನಲ್ಲಂತೂ ಸಂಬಳವಿಲ್ಲದ ವಾಲಂಟಿಯರ್ ಕೆಲಸಕ್ಕೂ ಸರಿಯಾದ ವೀಸಾ, ವರ್ಕ್ ಪರ್ಮಿಟ್ ಬೇಕು. ಹಾಗಾಗಿ ಕರೆದವರನ್ನು ನೇರವಾಗಿ ಕೇಳಿ, ಯಾವ ವೀಸಾ, ಯಾವ ಪತ್ರ, ಯಾರು ಮಾಡಿಸಬೇಕು. ನಮಗೆ ಬಂದ ಉತ್ತರಗಳಲ್ಲಿ ಒಂದು ಕಡೆಯವರು ‘ಕೇಳಿದರೆ ಟೂರಿಸ್ಟ್ ಅಂತ ಹೇಳಿ, ಏನೂ ಆಗಲ್ಲ’ ಅಂದರು. ಬಿಟ್ಟೆವು. ಸಿಕ್ಕಿಬಿದ್ದರೆ ಅನುಭವಿಸುವವರು ನಾವು, ಅವರಲ್ಲ. ಇನ್ನೊಂದು ಕಡೆಯವರು ಒಂದು ಪುಟ ಉದ್ದಕ್ಕೆ ವಿವರ ಬರೆದು ಕಳಿಸಿದರು. ಅಲ್ಲಿಗೆ ಹೋದೆವು.

ವೀಸಾ ನಿಯಮ ಆಗಾಗ ಬದಲಾಗುತ್ತಿರುತ್ತದೆ, ಟಿಕೆಟ್ ಬುಕ್ ಮಾಡುವ ವಾರ ಆಯಾ ಸರ್ಕಾರದ ತಾಣವನ್ನೇ ನೋಡಿ. ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಗಡಿಗಳದ್ದೂ ಅದೇ ಕಥೆ. ಬ್ಯಾಂಕಾಕಿನಿಂದ ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಬಸ್ಸಲ್ಲಿ ಹೋಗುವುದು ಎಷ್ಟೋ ವರ್ಷದಿಂದ ಬ್ಯಾಗು ಹೊತ್ತವರ ಮಾಮೂಲಿ ದಾರಿಯಾಗಿತ್ತು, 2025ರ ಜೂನ್‌ನಲ್ಲಿ ಎರಡು ದೇಶಗಳ ನಡುವೆ ಜಗಳವಾಗಿ ಆ ಗಡಿ ಮುಚ್ಚಿತು, ಜುಲೈನಲ್ಲಿ ಗುಂಡಿನ ಕಾಳಗವೇ ನಡೆಯಿತು. ಹಳೆಯ ಬ್ಲಾಗ್ ನೋಡಿ ದಾರಿ ಹಾಕಬೇಡಿ. ಪಾಸ್‌ಪೋರ್ಟ್ ಆರು ತಿಂಗಳಿಗಿಂತ ಜಾಸ್ತಿ ಚಾಲ್ತಿಯಲ್ಲಿರಲಿ.

ಇನ್ನೊಂದು ಮಾತು. ಟಿಕೆಟ್ ನಾವೇ ಕೊಡ್ತೀವಿ, ಕಂಪ್ಯೂಟರ್ ಮುಂದೆ ಕೂರುವ ಕೆಲಸ, ಡಾಲರಿನಲ್ಲಿ ಸಂಬಳ ಅಂತ ಯಾರಾದರೂ ಟೆಲಿಗ್ರಾಮಿನಲ್ಲಿ ಕರೆದರೆ ಓಡಿ. ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಿಗೆ ನಮ್ಮ ದೇಶದ ಹುಡುಗರು ಹೋಗಿ ಸಿಕ್ಕಿಹಾಕಿಕೊಂಡದ್ದು ಹೀಗೇ. ನಮ್ಮ ರಾಯಭಾರ ಕಚೇರಿಗಳೇ ಎಚ್ಚರಿಕೆ ಕೊಟ್ಟಿವೆ.

ಯಾವ ಕೆಲಸ ಮಾಡಬೇಕು, ಯಾವುದು ಬೇಡ

ಅನಾಥಾಶ್ರಮ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕಾಂಬೋಡಿಯಾದಲ್ಲಿ ಪ್ರವಾಸಿಗರು ಹೆಚ್ಚಾದ ಹಾಗೆ ಅನಾಥಾಶ್ರಮಗಳೂ ಹೆಚ್ಚಾದವು, ಅಲ್ಲಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪನೋ ಅಮ್ಮನೋ ಬದುಕಿದ್ದರು ಅಂತ ಯುನಿಸೆಫ್ ಹೇಳಿತು. ಬಂದವರು ದುಡ್ಡು ಕೊಡುತ್ತಾರೆ, ದುಡ್ಡು ಬರಲಿ ಅಂತ ಬಡವರ ಮಕ್ಕಳನ್ನು ತಂದು ಇಟ್ಟುಕೊಳ್ಳುತ್ತಾರೆ. ನಮ್ಮೂರಿನ ಅಂಗನವಾಡಿಗೆ ದಾರಿಯಲ್ಲಿ ಹೋಗುವ ಯಾರೋ ನುಗ್ಗಿ ಮಗುವನ್ನು ಎತ್ತಿಕೊಂಡು ಫೋಟೋ ತೆಗೆದರೆ ಟೀಚರ್ ಬಿಡ್ತಾರಾ? ನಾಲ್ಕು ದಿನ ಇಂಗ್ಲಿಷ್ ಪಾಠ ಮಾಡಿ ಹೊರಟು ಹೋಗುವುದೂ ಹಾಗೇ, ಮಕ್ಕಳು ಪ್ರತಿ ವಾರ ಹೊಸಬರ ಹತ್ತಿರ ಎಬಿಸಿಡಿಯಿಂದಲೇ ಶುರು ಮಾಡುತ್ತಿರುತ್ತಾರೆ.

ಕಾಂಬೋಡಿಯಾದಲ್ಲಿ ಒಂದು ಗಂಟೆಯ ಕೆಲಸವೂ ಇದೆ: ರಕ್ತ ಕೊಡುವುದು. ಸಿಯೆಮ್ ರೀಪ್‌ನಲ್ಲಿ ಆಂಗ್ಕೋರ್ ದೇವಸ್ಥಾನಗಳಿಗೆ ಹೋಗುವ ದಾರಿಯಲ್ಲೇ ಕಂಥಾ ಬೋಪಾ ಬಳಗದ ಮಕ್ಕಳ ಆಸ್ಪತ್ರೆ ಇದೆ, ಚಿಕಿತ್ಸೆ ಉಚಿತ. ಅದನ್ನು ಕಟ್ಟಿದ ಸ್ವಿಸ್ ಡಾಕ್ಟರ್ ಬಿಯಾಟ್ ರಿಚ್ನರ್ ಶನಿವಾರ ಸಂಜೆ ಪ್ರವಾಸಿಗರಿಗೆ ಚೆಲ್ಲೋ ನುಡಿಸಿ ಸಹಾಯ ಕೇಳುತ್ತಿದ್ದರು, ಹರೆಯದವರಿಂದ ರಕ್ತ, ವಯಸ್ಸಾದವರಿಂದ ದುಡ್ಡು, ನಡುವಿನವರಿಂದ ಎರಡೂ. 2018ರಲ್ಲಿ ತೀರಿಕೊಂಡರು. ಡೆಂಗ್ಯೂ ಕಾಲದಲ್ಲಿ ರಕ್ತದ ಅವಸರ ಜಾಸ್ತಿ. ಗದಗದವನು ಕೊಟ್ಟ. ಹಾಸನದವನಿಗೆ ಎರಡು ವಾರ ಮುಂಚೆ ಜ್ವರ ಬಂದಿತ್ತು, ಬೇಡ ಅಂದರು. ಮೊದಲೇ ಕೇಳಿಕೊಂಡು ಹೋಗಿ.

ನಾಲ್ವರಿಗೂ ತುಂಬಾ ಇಷ್ಟವಾದದ್ದು ಲಾವೋಸ್‌ನ ಲುವಾಂಗ್ ಪ್ರಬಾಂಗ್. ಅಲ್ಲಿ ಬಿಗ್ ಬ್ರದರ್ ಮೌಸ್ ಅನ್ನುವ ಸಂಸ್ಥೆ ಲಾವೋ ಮಕ್ಕಳಿಗೆ ಪುಸ್ತಕ ಮಾಡುತ್ತದೆ. ಬೆಳಿಗ್ಗೆ, ಸಂಜೆ ಅಲ್ಲಿಯ ಹುಡುಗರು ಇಂಗ್ಲಿಷ್ ಮಾತಾಡಿ ಅಭ್ಯಾಸ ಮಾಡಲು ಬರುತ್ತಾರೆ, ಪ್ರವಾಸಿಗರು ಹೋಗಿ ಎದುರಿಗೆ ಕೂತರೆ ಸಾಕು. ಫೀಸಿಲ್ಲ, ಪಾಠ ಮಾಡಬೇಕಿಲ್ಲ, ಸುಮ್ನೆ ಹರಟೆ. ಹಾಸನದವನ ಇಂಗ್ಲಿಷ್ ಅಷ್ಟಕ್ಕಷ್ಟೇ, ನಾನು ಬರಲ್ಲ ಅಂತ ಹಟ ಹಿಡಿದಿದ್ದ. ಎದುರಿಗೆ ಕೂತವನು ಹದಿನಾರರ ಪುಟ್ಟ ಭಿಕ್ಷು, ಕಾವಿ ಬಟ್ಟೆ, ಕೈಯಲ್ಲಿ ಮೂಲೆ ಮಡಿಸಿದ ನೋಟ್‌ಬುಕ್. ‘ನಿಮ್ಮ ಊರಲ್ಲಿ ಭತ್ತ ಬೆಳೀತಾರಾ?’ ಅಂದ. ಅಷ್ಟೇ. ಸಸಿಮಡಿ, ನಾಟಿ, ಕಳೆ, ಕೆರೆ ನೀರಿನ ಜಗಳ, ಎಲ್ಲಾ ಬಂತು. ನಾಟಿಗೆ ಇಂಗ್ಲಿಷ್ ಸಿಗದೆ ಹಾಸನ ಎದ್ದು ಬಗ್ಗಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ತೋರಿಸಿದ, ಆ ಹುಡುಗ ನಗುತ್ತಾ ತನ್ನ ಅಮ್ಮನೂ ಹೀಗೇ ಮಾಡೋದು ಅಂತ ಎದ್ದು ತಾನೂ ತೋರಿಸಿದ. ಹೊರಟಾಗ ನೋಟ್‌ಬುಕ್ಕಿನಲ್ಲಿ ‘ಟ್ರಾನ್ಸ್‌ಪ್ಲಾಂಟ್’ ಅಂತ ಮೂರು ಸಲ ಬರೆದುಕೊಂಡಿದ್ದ. ಆ ಪದ ನಾನು ಮೊಬೈಲಿನಲ್ಲಿ ಹುಡುಕಿ ಕೊಟ್ಟದ್ದು.

ಆನೆಗಳ ವಿಷಯಕ್ಕೆ ಬಂದರೆ, ಥಾಯ್ಲೆಂಡಿನ ಚಿಯಾಂಗ್ ಮಾಯ್ ಸುತ್ತ ಪ್ರತಿ ಎರಡನೇ ಬೋರ್ಡಿನಲ್ಲೂ ‘ಸ್ಯಾಂಕ್ಚುಯರಿ’ ಅಂತಿರುತ್ತದೆ. ಸವಾರಿ ಇದೆಯಾ, ಆಟ ಆಡಿಸ್ತಾರಾ, ದಿನವಿಡೀ ಗುಂಪು ಗುಂಪು ಪ್ರವಾಸಿಗರ ಕೈಯಲ್ಲಿ ಸ್ನಾನ ಮಾಡಿಸ್ತಾರಾ ಅಂತ ಕೇಳಿ. ಒಂದಕ್ಕೆ ಹೌದು ಅಂದರೂ ಬಿಡಿ. ಒಳ್ಳೆಯ ಕಡೆ ವಾರದ ವಾಲಂಟಿಯರ್ ಕೆಲಸಕ್ಕೆ ನಾವೇ ದುಡ್ಡು ಕಟ್ಟಬೇಕು, ಕೆಲಸ ಅಂದರೆ ಲದ್ದಿ ಬಾಚುವುದು, ಕುಂಬಳಕಾಯಿ ಹೆಚ್ಚುವುದು. ದುಬಾರೆ, ಸಕ್ರೆಬೈಲು ನೋಡಿದವರಿಗೆ ಹೊಸದೇನಲ್ಲ.

ಯಾವಾಗ, ಯಾವ ದಾರಿ

ನವೆಂಬರ್ ಕೊನೆಗೆ ಹೊರಡಿ. ಅಕ್ಟೋಬರ್–ನವೆಂಬರ್‌ನಲ್ಲಿ ಮಧ್ಯ ವಿಯೆಟ್ನಾಂನ ಹ್ವೇ, ಹೋಯ್ ಆನ್‌ಗೆ ನೆರೆ ಬರುತ್ತದೆ. ಫೆಬ್ರವರಿ ದಾಟಿದರೆ ಉತ್ತರ ಥಾಯ್ಲೆಂಡ್, ಲಾವೋಸ್‌ನಲ್ಲಿ ಗದ್ದೆ–ಕಾಡಿಗೆ ಬೆಂಕಿ ಹಾಕುತ್ತಾರೆ, ಹೊಗೆಗೆ ಬೆಟ್ಟವೇ ಕಾಣುವುದಿಲ್ಲ. ಜನವರಿಯಲ್ಲಿ ಹನೋಯ್ ಚಳಿ ಇರುತ್ತದೆ, ಒಂದು ಸ್ವೆಟರ್ ಇರಲಿ. ಚಾಂದ್ರಮಾನ ಹೊಸ ವರ್ಷದ ‘ತೆತ್’ ಯಾವಾಗ ಅಂತ ನೋಡಿಕೊಳ್ಳಿ, ನಮ್ಮ ದೀಪಾವಳಿ ರಶ್ಶಿಗಿಂತ ಜೋರು.

ಬೆಂಗಳೂರಿನಿಂದ ಬ್ಯಾಂಕಾಕ್ ವಿಮಾನ, ಅಲ್ಲಿಂದ ರಾತ್ರಿ ರೈಲು ಹತ್ತಿ ಲಾವೋಸ್‌ನ ವಿಯೆಂಟಿಯಾನ್, ಅಲ್ಲಿಂದ ಲುವಾಂಗ್ ಪ್ರಬಾಂಗ್. 2021ರ ಡಿಸೆಂಬರ್‌ನಲ್ಲಿ ಶುರುವಾದ ಚೀನಾ–ಲಾವೋಸ್ ರೈಲು ಬರುವ ಮುಂಚೆ ಆ ಕೊನೆಯ ತುಂಡಿಗೆ ಬಸ್ಸಲ್ಲಿ ಇಡೀ ದಿನ ಬೇಕಿತ್ತು, ಈಗ ಸುಮಾರು ಎರಡು ಗಂಟೆ. ಸ್ಟೇಷನ್ನಿನಲ್ಲಿ ಬ್ಯಾಗು ತಪಾಸಣೆ ಜೋರು, ಚಾಕು, ಸ್ಪ್ರೇ ಡಬ್ಬಿ ಕಿತ್ತುಕೊಳ್ಳುತ್ತಾರೆ. ಆಮೇಲೆ ಹನೋಯ್, ರೈಲಿನಲ್ಲಿ 1,726 ಕಿಲೋಮೀಟರ್ ಕೆಳಗೆ ಸೈಗಾನ್ (ಈಗಿನ ಹೋ ಚಿ ಮಿನ್ ನಗರ), ಬಸ್ಸಲ್ಲಿ ಕಾಂಬೋಡಿಯಾದ ನಾಮ್ ಪೆನ್.

ಲಾವೋಸ್‌ನಲ್ಲಿ ದಾರಿ ಬಿಟ್ಟು ಕಾಲಿಡಬೇಡಿ. 1964ರಿಂದ 1973ರವರೆಗೆ ಅಮೆರಿಕ ಅಲ್ಲಿ 20 ಲಕ್ಷ ಟನ್‌ಗೂ ಜಾಸ್ತಿ ಬಾಂಬು ಹಾಕಿತು, ಸಿಡಿಯದ ಚೆಂಡಿನಂಥ ಬಾಂಬುಗಳು ಈಗಲೂ ಗದ್ದೆಯಲ್ಲಿ ಸಿಗುತ್ತವೆ. ತೋಟದ ಕೆಲಸಕ್ಕೆ ಹೋದರೂ ಅವರು ಹೇಳಿದ ಜಾಗ ಬಿಟ್ಟು ಅಗೆಯಬೇಡಿ. ವಿಯೆಂಟಿಯಾನ್‌ನಲ್ಲಿ ಕೋಪ್ ಕೇಂದ್ರ ಇದೆ, ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಕೊಡುವವರದು. ಒಂದು ಗಂಟೆ ಹೋಗಿ ಬನ್ನಿ.

ದುಡ್ಡು, ಬ್ಯಾಗು, ಹೊಟ್ಟೆ, ಜ್ವರ

ವಾರಕ್ಕೊಮ್ಮೆ ನಾಲ್ವರೂ ತಲಾ 100 ಡಾಲರ್ ಒಂದು ಚೀಲಕ್ಕೆ ಹಾಕಿ. ರೂಮು, ಬಸ್ಸು, ಒಟ್ಟಿಗೆ ಮಾಡಿದ ಊಟ ಅದರಿಂದ. ಬಿಯರು, ಶಾಪಿಂಗು, ಕಾಫಿ ಅವರವರದು. ನಮ್ಮಲ್ಲಿ ಚೀಲ ಶಿರಸಿಯವಳ ಹತ್ತಿರ ಇತ್ತು, ಅವಳ ಮುಂದೆ ರಸೀದಿ ಇಲ್ಲದೆ ಬಾಯಿ ತೆಗೆಯುವಂತಿರಲಿಲ್ಲ. ಎಟಿಎಮ್ಮಿನಲ್ಲಿ ರೂಪಾಯಿಗೆ ಬದಲಾಯಿಸಲಾ ಅಂತ ಕೇಳಿದರೆ ಬೇಡ ಅನ್ನಿ, ಅಲ್ಲೇ ಕತ್ತರಿ ಬೀಳುವುದು. ಥಾಯ್ಲೆಂಡಿನ ಎಟಿಎಮ್ಮು ಪ್ರತಿ ಸಲ 200 ಬಾತ್‌ಗೂ ಮೇಲೆ ಶುಲ್ಕ ಹಿಡಿಯುತ್ತದೆ, ಹತ್ತು ಸಲ ಚೂರು ಚೂರು ತೆಗೆಯಬೇಡಿ. ಕಾಂಬೋಡಿಯಾದಲ್ಲಿ ಡಾಲರ್ ನೋಟು ಸ್ವಲ್ಪ ಹರಿದಿದ್ದರೂ ಮುಟ್ಟುವುದಿಲ್ಲ. ಚಿಲ್ಲರೆ ತೆಗೆದುಕೊಳ್ಳುವಾಗ ನೀವೂ ನೋಟನ್ನು ಬೆಳಕಿಗೆ ಹಿಡಿದು ನೋಡಿ.

ಬ್ಯಾಗು 7 ಕೆಜಿ ದಾಟದಿರಲಿ, ಕಡಿಮೆ ದರದ ವಿಮಾನಗಳಲ್ಲಿ ಕೈಯಲ್ಲಿ ಒಯ್ಯಲು ಬಿಡುವುದು ಹೆಚ್ಚಾಗಿ ಅಷ್ಟೇ. ಒಂದು ತೆಳು ಪಂಚೆ ಇಟ್ಟುಕೊಳ್ಳಿ: ಟವೆಲ್, ಹೊದಿಕೆ, ಡಾರ್ಮ್ ಹಾಸಿಗೆಗೆ ಪರದೆ, ದೇವಸ್ಥಾನದಲ್ಲಿ ಚಡ್ಡಿ ಮುಚ್ಚಲು, ಎಲ್ಲಕ್ಕೂ ಆಗುತ್ತದೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ. ಜೀನ್ಸ್ ಒಣಗುವುದೇ ಇಲ್ಲ.

ಸಸ್ಯಾಹಾರಿಗಳು ‘ವೆಜ್’ ಅಂದರೆ ಕೆಲಸ ಆಗುವುದಿಲ್ಲ. ತರಕಾರಿ ಕೊಡುತ್ತಾರೆ, ಮೇಲೆ ಮೀನಿನ ಸಾಸು ಸುರಿದಿರುತ್ತದೆ. ಥಾಯ್‌ನಲ್ಲಿ ‘ಜೇ’ ಅನ್ನಿ, ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಅಂಗಡಿ ಹುಡುಕಿ. ವಿಯೆಟ್ನಾಂನಲ್ಲಿ ‘ಚಾಯ್’ ಅನ್ನಿ. ಲಾವೋಸ್‌ನ ಅಂಟು ಅನ್ನ ಬಿದಿರು ಬುಟ್ಟಿಯಲ್ಲಿ ಬರುತ್ತದೆ, ಕೈಯಲ್ಲಿ ಉಂಡೆ ಮಾಡಿ ತಿನ್ನುವುದು, ಚಟ್ನಿಪುಡಿ ಜೊತೆ ಸೊಗಸಾಗಿರುತ್ತದೆ. ಮುದ್ದೆ ಅಂತ ನುಂಗಲು ಹೋಗಬೇಡಿ, ಹಾಸನದವನು ಹೋಗಿದ್ದ.

ಹೊರಡುವ ಆರೆಂಟು ವಾರ ಮುಂಚೆ ಡಾಕ್ಟರ ಹತ್ತಿರ ಹೋಗಿ ಟೈಫಾಯ್ಡ್, ಹೆಪಟೈಟಿಸ್ ಎ, ಟೆಟನಸ್, ರೇಬಿಸ್ ಲಸಿಕೆ ಬಗ್ಗೆ ಕೇಳಿ. ನಾಯಿ, ಕೋತಿ ಕಚ್ಚಿದರೆ ಸೋಪು ಹಾಕಿ 15 ನಿಮಿಷ ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗ್ಯೂ ಆಗಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸುತ್ತವೆ. 2024ರ ನವೆಂಬರ್‌ನಲ್ಲಿ ಲಾವೋಸ್‌ನ ವಾಂಗ್ ವಿಯೆಂಗ್‌ನಲ್ಲಿ ಮೆಥನಾಲ್ ಬೆರೆತ ಮದ್ಯದಿಂದ ಆರು ಪ್ರವಾಸಿಗರು ಸತ್ತರು, ಪುಕ್ಕಟೆ ಶಾಟ್ ಕೊಟ್ಟರೆ ಬೇಡ ಅನ್ನಿ, ಮುಚ್ಚಳ ನಿಮ್ಮೆದುರೇ ತೆಗೆದ ಬಿಯರ್ ಸಾಕು. ಸ್ಕೂಟರ್ ಬಾಡಿಗೆಗೆ ಎಲ್ಲಾ ಕಡೆ ಸಿಗುತ್ತದೆ, ಆದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿಗೆ ವಿಯೆಟ್ನಾಂನಲ್ಲಿ ಬೆಲೆ ಇಲ್ಲ. ಬಿದ್ದರೆ ವಿಮೆಯವರು ಮೊದಲು ಕೇಳುವುದು ಲೈಸೆನ್ಸು.

ವಾಪಸ್ ಬಂದ ಕೆಲವು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಎಲ್ಲೆಲ್ಲಿ ಹೋಗಿದ್ದಿರಿ ಅಂತ ಮೊದಲೇ ಹೇಳಿ. ಚೀಲದ ಲೆಕ್ಕವನ್ನು ವಿಮಾನ ನಿಲ್ದಾಣದಲ್ಲೇ ಮುಗಿಸಿ, ಮನೆಗೆ ಹೋದ ಮೇಲೆ ಮುಗಿಯುವುದಿಲ್ಲ. ನಾವು ಹಾಗೇ ಮಾಡಿದೆವು. ಮೂಲೆ ಹರಿದ 20 ಡಾಲರ್ ನೋಟು ಒಂದು ಮಾತ್ರ ಉಳಿಯಿತು, ಅದನ್ನು ನಾಮ್ ಪೆನ್‌ನಲ್ಲಿ ತೆಗೆದುಕೊಂಡವರು ಯಾರು ಅಂತ ಈಗಲೂ ಯಾರೂ ಒಪ್ಪಿಕೊಂಡಿಲ್ಲ. ಶಿರಸಿಯವಳು ಅದನ್ನು ಇಟ್ಟುಕೊಂಡಿದ್ದಾಳೆ.