ಮೊದಲ ವಿಸಿಲ್‌ಗೂ ಮುಂಚೆ: ವೆಸ್ಟ್ ಬ್ಲಾಕ್‌ನಲ್ಲಿ ಒಂದು ಸೀಸನ್ ಶುರುವಾದ ಬಗೆ

ಫುಟ್‌ಬಾಲ್ ಪಂದ್ಯಗಳ ಪಟ್ಟಿ ಬಂದ ಕೂಡಲೇ ನಾನು ನೋಡುವುದು ಎದುರಾಳಿ ಯಾರು ಅಂತಲ್ಲ. ನಮ್ಮೂರಲ್ಲಿ ಮೊದಲ ಪಂದ್ಯ ಯಾವತ್ತು, ಅಷ್ಟರೊಳಗೆ ಬಿಸಿಲು ಕಾಯುವ ಭಾನುವಾರ ಎಷ್ಟು ಸಿಗಬಹುದು, ಇಷ್ಟೇ. ನಗಬೇಡಿ. ತಂಡದ ಬ್ಯಾನರ್‌ಗೆ ಅಂತ ಬಟ್ಟೆ ಮೇಲೆ ಬಣ್ಣ ಬಳಿಯುವವನಿಗೆ ಕೋಲ್ಕತ್ತಾದ ಮೋಹನ್ ಬಗಾನ್ ತಂಡಕ್ಕಿಂತ ಆಗಸ್ಟ್ ತಿಂಗಳ ತುಂತುರು ಮಳೆಯ ಭಯವೇ ಜಾಸ್ತಿ.

ನಾನು ಬೆಂಗಳೂರು ಎಫ್‌ಸಿ ಅಭಿಮಾನಿ. ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗದ ಜೊತೆ ನಿಲ್ಲುತ್ತೇನೆ. ಕೂರುತ್ತೇನೆ ಅಂತ ಬರೆಯಲಿಲ್ಲ, ಯಾಕಂದ್ರೆ ಅಲ್ಲಿ ಕೂತವರನ್ನು ನಾನು ನೋಡಿಲ್ಲ. 2013ರಲ್ಲಿ ಕ್ಲಬ್ ಹುಟ್ಟಿದಾಗ ಆಟ ಇದ್ದದ್ದು ಅಶೋಕನಗರದ ಪುಟ್ಟ ಫುಟ್‌ಬಾಲ್ ಮೈದಾನದಲ್ಲಿ. ಅಲ್ಲಿನ ಪಶ್ಚಿಮದ ಸ್ಟ್ಯಾಂಡಿನಲ್ಲಿ ಕೂಗುತ್ತಿದ್ದವರಿಗೆ ಆ ಹೆಸರು ಅಂಟಿತು, ಕಂಠೀರವಕ್ಕೆ ಬಂದ ಮೇಲೂ ಬಿಡಲಿಲ್ಲ. ಮೊದಲ ಸೀಸನ್‌ನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದ ತಂಡ ನಮ್ಮದು. ಹುಟ್ಟಿದ ವರ್ಷವೇ ಕಪ್ ನೋಡಿದವರಿಗೆ ಆಮೇಲೆ ತಾಳ್ಮೆ ಕಲಿಯೋದು ತುಂಬಾ ಕಷ್ಟ, ಅದು ಬೇರೆ ಮಾತು.

ಇಲ್ಲಿ ಹೇಳಬೇಕೆಂದಿರುವುದು 2024ರ ತಯಾರಿಯ ಬಗ್ಗೆ. ಹಿಂದಿನ ಸೀಸನ್‌ನಲ್ಲಿ ನಾವು ಹತ್ತನೇ ಸ್ಥಾನದಲ್ಲಿ ಮುಗಿಸಿದ್ದೆವು. 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕಪ್ ಎತ್ತಿದ ತಂಡಕ್ಕೆ ಹತ್ತನೇ ಸ್ಥಾನ! ಅದರ ಮೇಲೆ ಜೂನ್ 6ರಂದು ನಮ್ಮದೇ ಕ್ಲಬ್ಬಿನ ಸುನಿಲ್ ಛೆಟ್ರಿ ಕೋಲ್ಕತ್ತಾದಲ್ಲಿ ಭಾರತ ತಂಡಕ್ಕೆ ವಿದಾಯ ಹೇಳಿದರು. ಅಲ್ಲಿಗೆ 151 ಪಂದ್ಯ, 94 ಗೋಲು. ಎದುರಾಳಿ ಕುವೈತ್, ಪಂದ್ಯ 0-0. ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಆ ರಾತ್ರಿ ಎಲ್ಲರದ್ದೂ ಒಂದೇ ಪ್ರಶ್ನೆ: ಕ್ಲಬ್‌ಗೆ ಇನ್ನೆಷ್ಟು ದಿನ? ಆಗಸ್ಟ್ 3ಕ್ಕೆ ಅವರಿಗೆ ನಲವತ್ತು ತುಂಬುವುದಿತ್ತು.

ಇಂಥ ಹೊತ್ತಲ್ಲಿ ಸುಮ್ನೆ ಮೊಬೈಲ್ ಹಿಡಿದು ಕೂತರೆ ತಲೆ ಕೆಡುತ್ತದೆ. ಯಾರು ಬರ್ತಾರಂತೆ, ಯಾರು ಹೋಗ್ತಾರಂತೆ, ಯಾರೋ ಏರ್‌ಪೋರ್ಟ್‌ನಲ್ಲಿ ಕಂಡರಂತೆ. ಕೈಗೆ ಕೆಲಸ ಕೊಟ್ಟರೆ ಮಾತ್ರ ಆ ಚಡಪಡಿಕೆ ತಡೆಯೋಕೆ ಆಗೋದು, ನನಗಂತೂ ಹಾಗೇ. ಹಾಗಾಗಿ ಜುಲೈ ಕೊನೆಗೇ ಚಿಕ್ಕಪೇಟೆಗೆ ಹೋದೆ.

"ಏನ್ ಸಾರ್, ಮತ್ತೆ ಫುಟ್‌ಬಾಲಾ?" ಅಂದರು ಬಟ್ಟೆ ಅಂಗಡಿಯವರು, ತಲೆ ಎತ್ತದೆ ಥಾನು ಬಿಚ್ಚುತ್ತಾ.

ಬಟ್ಟೆ ವಿಷಯದಲ್ಲಿ ನನ್ನದೊಂದು ಹಟ ಇದೆ. ಬಿಳಿ ಬಟ್ಟೆ ತಂದು ಹಿನ್ನೆಲೆಗೆಲ್ಲ ನೀಲಿ ಬಳಿಯಬಾರದು. ನೋಡೋಕೆ ಸುಲಭ ಅನ್ನಿಸುತ್ತೆ, ಆದರೆ ಅಷ್ಟೂ ಬಣ್ಣ ಕುಡಿದ ಬಟ್ಟೆ ಒಣಗಿದ ಮೇಲೆ ರಟ್ಟಿನಂತೆ ಸೆಟೆದುಕೊಳ್ಳುತ್ತದೆ. ಎತ್ತೋಕೆ ಭಾರ, ಮಡಚಿದ ಕಡೆಯೆಲ್ಲ ಬಿರುಕು. ನೀಲಿ ಕಾಟನ್ ಬಟ್ಟೆಯನ್ನೇ ತಂದು ಅಕ್ಷರ ಮಾತ್ರ ಬಿಳಿಯಲ್ಲಿ ಬರೆಯಬೇಕು. ತಂದ ಬಟ್ಟೆಯನ್ನು ಮೊದಲು ನೀರಲ್ಲಿ ನೆನೆಸಿ ಗಂಜಿ ಬಿಡಿಸಬೇಕು. ಗಂಜಿ ಉಳಿದರೆ ಬಣ್ಣ ಮೇಲೆ ಮೇಲೆ ನಿಂತು ಪದರ ಪದರವಾಗಿ ಉದುರುತ್ತದೆ. ಆಮೇಲೆ ಟೈಲರ್ ಹತ್ತಿರ ಪಟ್ಟಿ ಪಟ್ಟಿ ಸೇರಿಸಿ ಹೊಲಿಸುವುದು, ಅಂಚಿಗೆ ದಪ್ಪ ನಾಡಾ ಹಾಕಿಸುವುದು. ಎಳೆಯುವಾಗ ಜೋರು ಬೀಳುವುದು ಅಂಚಿಗೇ.

ಬಣ್ಣಕ್ಕೆ ದುಬಾರಿ ಫ್ಯಾಬ್ರಿಕ್ ಪೇಂಟ್ ಏನೂ ಬೇಡ. ಗೋಡೆಗೆ ಹೊಡೆಯುವ ಎಮಲ್ಷನ್ನೇ ಸಾಕು. ನೀರು ಸ್ವಲ್ಪ ಜಾಸ್ತಿ ಬೆರೆಸಿ ತೆಳ್ಳಗೆ ಎರಡು ಕೋಟ್. ಮೊದಲ ಕೋಟ್ ಹೊಡೆದಾಗ ನೀಲಿ ಮೇಲೆ ಬಿಳಿ ಮಂಕಾಗಿ ಕಾಣುತ್ತದೆ. ಹೊಸಬರು ಅಲ್ಲೇ ಗಾಬರಿಯಾಗಿ ದಪ್ಪಗೆ ಬಳಿಯೋಕೆ ಶುರು ಮಾಡುತ್ತಾರೆ. ಬಿಡಬಾರದು. ಕುಂಚ ಕಿತ್ತುಕೊಂಡು ಟೀ ತರೋಕೆ ಕಳಿಸಬೇಕು.

ಇನ್ನು ಅಕ್ಷರ. ಕಂಠೀರವ ಅಸಲಿಗೆ ಅಥ್ಲೆಟಿಕ್ಸ್ ಮೈದಾನ. ಸ್ಟ್ಯಾಂಡಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಎದುರಿನ ಸ್ಟ್ಯಾಂಡಿಂದ ನೋಡುವವರಿಗೆ ನಮ್ಮ ಬ್ಯಾನರ್ ತುಂಬಾ ದೂರ. ಅಷ್ಟು ದೂರದಿಂದ ಕನ್ನಡದಲ್ಲಿ ಮೊದಲು ಮಾಯವಾಗುವುದು ಒತ್ತಕ್ಷರ. ಕೆಳಗೆ ನೇತಾಡುವ ಆ ಸಣ್ಣ ಗೆರೆ ಬಟ್ಟೆಯ ಸುಕ್ಕಲ್ಲಿ ಮುಚ್ಚಿಹೋಗುತ್ತದೆ. ಹಾಗಾಗಿ ಒತ್ತನ್ನು ಅಕ್ಷರದ ಅರ್ಧದಷ್ಟಾದರೂ ದೊಡ್ಡದು ಮಾಡಿ ಬರೆಯುತ್ತೇನೆ. ಹತ್ತಿರದಿಂದ ನೋಡಿದರೆ ವಿಕಾರ, ದೂರದಿಂದ ಸರಿ. ಅಳತೆ ಹಾಕೋಕೆ ಗಾರೆ ಕೆಲಸದವರ ಉಪಾಯ: ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡು ಕಡೆ ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಡುವುದು. ಟಪ್ ಅಂತ ಗೆರೆ ಬೀಳುತ್ತದೆ. ಚೌಕ ಚೌಕ ಮಾಡಿಕೊಂಡು, ಕಾಗದದ ಮೇಲಿನ ಚಿತ್ರವನ್ನು ಒಂದೊಂದೇ ಚೌಕಕ್ಕೆ ಹಿಗ್ಗಿಸಿ ಬರೆದರೆ ಆಯ್ತು.

ಬ್ಯಾನರ್‌ನಲ್ಲಿ ಏನು ಬರೆಯಬೇಕು ಅನ್ನೋದಕ್ಕೆ ಜಗಳ ಆಗದ ವರ್ಷ ಇಲ್ಲ. ಆ ಸಲ ಪಟ್ಟಿ ಬಂದಾಗ ನಮ್ಮ ಮೊದಲ ಪಂದ್ಯ ಸೆಪ್ಟೆಂಬರ್ 14, ಶನಿವಾರ, ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಎದುರು, ನಮ್ಮಲ್ಲೇ. ನನಗೆ ತಕ್ಷಣ ಹೊಳೆದದ್ದು ಅಹ್ಮದ್ ಖಾನ್. ಈಸ್ಟ್ ಬೆಂಗಾಲ್‌ನವರು ಇವತ್ತಿಗೂ ತಮ್ಮ ಹಳೆಯ ಐವರು ಫಾರ್ವರ್ಡ್‌ಗಳನ್ನು 'ಪಂಚಪಾಂಡವರು' ಅಂತ ನೆನೆಯುತ್ತಾರೆ. ಅದರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಬೆಂಗಳೂರಿನವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಆಡಿದ ಭಾರತ ತಂಡದಲ್ಲೂ ನಮ್ಮೂರವರಿದ್ದರು. ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಇಲ್ಲಿನವರೇ. "ನಿಮ್ಮ ಪಾಂಡವರನ್ನು ಕೊಟ್ಟ ಊರಿಗೆ ಬಂದಿದ್ದೀರಿ" ಅಂತ ಬರೆದರೆ ಹೇಗೆ ಅಂದೆ.

"ಮಗಾ, ಅವರ ಹೀರೋಗೆ ನಾವು ಬ್ಯಾನರ್ ಹಾಕೋದಾ? ತಲೆ ಸರಿ ಇದ್ಯಾ?" ಅಂದ ಒಬ್ಬ. ಉಳಿದವರು ಅವನ ಕಡೆ ಸೇರಿದರು. ನನಗೆ ಈಗಲೂ ಅದು ಒಳ್ಳೆಯ ಸಾಲು ಅಂತಲೇ ಅನ್ನಿಸುತ್ತದೆ. ಕೊನೆಗೆ ಊರಿನ ಹೆಸರು, ಹನ್ನೊಂದು ಅನ್ನೋ ಅಂಕಿ, ಎರಡೇ ಉಳಿದವು. ಹನ್ನೊಂದು ಅಂದರೆ ಛೆಟ್ರಿ ಜೆರ್ಸಿ ಅಂತ ಬೆಂಗಳೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮೂರು ಭಾನುವಾರ ಟೆರೇಸ್ ನಮ್ಮದಾಯ್ತು. ಅಮ್ಮ ಬಕೆಟ್ ಹಿಡಿದು ಮೇಲೆ ಬಂದು, "ಒಂದು ಟವೆಲ್ ಒಣಗಹಾಕೋಕೂ ಜಾಗ ಬಿಡ್ಲಿಲ್ವಲ್ಲೋ" ಅಂತ ಬೈದು, ಆಮೇಲೆ ತಾವೇ ಒಂದು ಮೂಲೆಗೆ ಕಲ್ಲು ತಂದಿಟ್ಟರು, ಗಾಳಿಗೆ ಹಾರದಿರಲಿ ಅಂತ. ಮೋಡ ಕವಿದಾಗೆಲ್ಲ ಬಟ್ಟೆಯನ್ನು ನಾಲ್ಕು ಜನ ಹಿಡಿದುಕೊಂಡು ಮೆಟ್ಟಿಲ ಮೇಲೆ ಓಡುವುದು. ಹಸಿ ಬಣ್ಣ ಗೋಡೆಗೆ ತಾಗಿ ಅಲ್ಲೊಂದು ಬಿಳಿ ಗುರುತು ಉಳಿದಿದೆ.

ಒಣಗಿದ ಮೇಲೆ ಮಡಚುವುದೂ ಒಂದು ವಿದ್ಯೆ. ಸುರುಳಿ ಸುತ್ತಿದರೆ ಸ್ಟ್ಯಾಂಡಿನಲ್ಲಿ ಬಿಚ್ಚೋಕೆ ಆಗಲ್ಲ, ಜನರ ತಲೆ ಮೇಲೆ ಉರುಳಿಸಬೇಕಾಗುತ್ತೆ. ಸೀರೆ ನೆರಿಗೆ ಹಿಡಿದ ಹಾಗೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಹಿಂದೆ ಮುಂದೆ ಮಡಚಿ, ಆಮೇಲೆ ಎರಡೂ ತುದಿಯಿಂದ ನಡುವಿಗೆ ತರಬೇಕು. ಆಗ ನಡುವೆ ನಿಂತವನು ಎರಡು ಕಡೆಗೂ ತಳ್ಳಿದರೆ ಸಾಕು, ಮೇಲಿನ ಸಾಲಿನವರು ಅಂಚು ಹಿಡಿದು ಎತ್ತಿದ ತಕ್ಷಣ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾವ ತುದಿ ಎಡ, ಯಾವುದು ಬಲ ಅಂತ ಹಿಂಬದಿಯಲ್ಲಿ ಬರೆದಿರಬೇಕು. ತಲೆಕೆಳಗಾದ ಬ್ಯಾನರ್ ಟಿವಿಯಲ್ಲಿ ಬಂದರೆ ಮುಂದಿನ ಸೀಸನ್‌ವರೆಗೂ ಮುಖ ಎತ್ತುವ ಹಾಗಿಲ್ಲ.

ಈ ನಡುವೆ ತಂಡ ಡ್ಯುರಾಂಡ್ ಕಪ್ ಆಡುತ್ತಿತ್ತು. ಕೆಲವರು ಅದನ್ನು ಅಭ್ಯಾಸ ಪಂದ್ಯ ಅಂತ ಕರೆಯುತ್ತಾರೆ, ನನಗೆ ಸಿಟ್ಟು ಬರುತ್ತದೆ. 1888ರಲ್ಲಿ ಶುರುವಾದ ಟೂರ್ನಿ ಅದು. 2022ರಲ್ಲಿ ಮುಂಬೈಯನ್ನು 2-1ರಿಂದ ಸೋಲಿಸಿ ನಾವು ಅದನ್ನು ಗೆದ್ದಾಗ ಯಾರೂ ಅಭ್ಯಾಸ ಅನ್ನಲಿಲ್ಲ ಅಲ್ವಾ? 2024ರ ಕ್ವಾರ್ಟರ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಹೆಚ್ಚುವರಿ ನಿಮಿಷದಲ್ಲಿ ಪೆರೆಯ್ರಾ ಡಿಯಾಸ್ ಗೋಲು, 1-0. ಕೇರಳದವರನ್ನು ಗೆದ್ದರೆ ಸೀಸನ್ ಅರ್ಧ ಗೆದ್ದ ಹಾಗೆ. ಸೆಮಿಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಎರಡು ಗೋಲು ಮುಂದಿದ್ದು, 2-2 ಆಗಿ, ಪೆನಾಲ್ಟಿಯಲ್ಲಿ ಸೋತೆವು. ಗ್ರೂಪ್‌ನಲ್ಲಿ ಒಬ್ಬ "ಈ ಸಲನೂ ಹತ್ತೇ" ಅಂತ ಹಾಕಿದ. ಯಾರೂ ಉತ್ತರ ಕೊಡಲಿಲ್ಲ.

ಹಾಡಿನ ಕೆಲಸ ಬ್ಯಾನರ್‌ಗಿಂತ ಕಷ್ಟ. ಬ್ಯಾನರ್ ಒಬ್ಬ ಬರೆದರೂ ಆಗುತ್ತೆ, ಹಾಡು ನೂರಾರು ಬಾಯಲ್ಲಿ ಕೂರಬೇಕು. ಆ ವರ್ಷ ಹೊಸಬರು ತುಂಬಾ ಜನ: ಮುಂಬೈಯಿಂದ ನೊಗೆರಾ, ಪೆರೆಯ್ರಾ ಡಿಯಾಸ್, ಜೊತೆಗೆ ಎಡ್ಗರ್ ಮೆಂಡೆಸ್, ಪೆಡ್ರೊ ಕಾಪೊ. 2019ರ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದ ರಾಹುಲ್ ಭೇಕೆ ವಾಪಸ್ ಬಂದಿದ್ದರು. ಅವರಿಗೆ ಹೊಸ ಹಾಡು ಯಾಕೆ, ಆ ಗೋಲನ್ನೇ ನೆನೆಸಿದರೆ ಸಾಕು. ನೊಗೆರಾಗೆ ನಾನೊಂದು ಹೊಸೆದೆ:

"ಎಲ್ಲಿಗ್ಹೋದ್ಯೋ ನೊಗೆರಾ, ಗೋಲಿನ್ ಕಡೆ ಬಾರಾ."

"ಇದು ಹರಿಕಥೆ ಆಯ್ತು" ಅಂತ ನಕ್ಕರು. ನಕ್ಕರೂ ಟೀ ಕುಡಿದು ಮೆಟ್ಟಿಲಿಳಿಯುವಾಗ ಅದನ್ನೇ ಗುನುಗುತ್ತಿದ್ದರು. ಹಾಡು ಪಾಸೋ ಫೇಲೋ ಅಂತ ನೋಡೋಕೆ ನನಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ. ಸಾಲು ಚಿಕ್ಕದಿರಬೇಕು, ಕೊನೆ ದೀರ್ಘವಾಗಿ ಎಳೆಯುವಂತಿರಬೇಕು, ನಾಲ್ಕು ಪೆಟ್ಟಿಗೆ ಒಮ್ಮೆ ಉಸಿರು ಬಿಡೋಕೆ ಜಾಗ ಇರಬೇಕು. ಅರ್ಥ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತೆ.

ಡ್ರಮ್ ಹೊಡೆಯುವವರು ತಿಳಿದಿರಬೇಕಾದ ಇನ್ನೊಂದು ವಿಷಯ ಇದೆ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸ್ಟ್ಯಾಂಡಿನ ಒಂದು ತುದಿಯಲ್ಲಿ ಹೊಡೆದ ಪೆಟ್ಟು ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಚಪ್ಪಾಳೆ ಹಿಂದೆ ಬಿದ್ದಿರುತ್ತದೆ. ಅವರ ಚಪ್ಪಾಳೆ ಕೇಳಿ ನಾವು ನಿಧಾನ ಮಾಡುತ್ತೇವೆ, ನಮ್ಮದು ಕೇಳಿ ಅವರು ಇನ್ನೂ ನಿಧಾನ. ಎರಡು ನಿಮಿಷದಲ್ಲಿ ಹಾಡು ಸತ್ತುಹೋಗುತ್ತೆ. ಇದಕ್ಕೆ ಮದ್ದು ಎರಡು. ಡ್ರಮ್ ಯಾವಾಗಲೂ ನಡುವೆ ಇರಬೇಕು. ಜನ ಕಿವಿಯಿಂದಲ್ಲ, ಕಣ್ಣಿನಿಂದ ತಾಳ ಹಿಡಿಯಬೇಕು. ಅದಕ್ಕೇ ಒಬ್ಬ ಕಂಬಿ ಹತ್ತಿ, ಮೈದಾನಕ್ಕೆ ಬೆನ್ನು ಹಾಕಿ, ಕೈ ಎತ್ತಿ ಚಪ್ಪಾಳೆ ತೋರಿಸುತ್ತಾನೆ. ತೊಂಬತ್ತು ನಿಮಿಷದಲ್ಲಿ ಅವನು ನೋಡುವ ಆಟ ತೀರಾ ಕಮ್ಮಿ. ದುಡ್ಡು ಕೊಟ್ಟು ಟಿಕೆಟ್ ತಗೊಂಡಿರುತ್ತಾನೆ ಪಾಪ.

ತಮಟೆ ತರಬೇಕು ಅಂತ ನನಗೆ ಮೊದಲಿಂದಲೂ ಆಸೆ. ಬೆಂಗಳೂರಿನ ಸದ್ದು ಅಂದರೆ ಅದೇ. ಆದರೆ ಆ ವರ್ಷ ಗಣೇಶನ ಹಬ್ಬ ಸೆಪ್ಟೆಂಬರ್ 7ಕ್ಕೆ ಬಂತು, ಪಂದ್ಯಕ್ಕೆ ಸರಿಯಾಗಿ ಒಂದು ವಾರ ಮುಂಚೆ. ಊರಿನ ತಮಟೆಯವರೆಲ್ಲ ಗಣಪತಿ ಬಿಡುವ ಮೆರವಣಿಗೆಗಳಿಗೆ ಬುಕ್ ಆಗಿದ್ದರು. ಒಬ್ಬರು ಫೋನಲ್ಲಿ, "ಶನಿವಾರ ಎರಡು ಗಣಪತಿ ಐತಣ್ಣ, ನಿಮ್ ಫುಟ್‌ಬಾಲ್ ಮುಂದಕ್ಕಾಕೋಕಾಗಲ್ವಾ?" ಅಂತ ಕೇಳಿದರು. ಕೊನೆಗೆ ನಮ್ಮ ಹುಡುಗರೇ ಹೊಡೆಯುವುದು ಅಂತಾಯ್ತು. ಚರ್ಮದ ತಮಟೆ ಮಳೆ ತಂಪಿಗೆ ಸಡಿಲವಾಗುತ್ತೆ, ಬೆಂಕಿಗೆ ಕಾಯಿಸಬೇಕು. ಕ್ರೀಡಾಂಗಣದೊಳಗೆ ಬೆಂಕಿ ಯಾರು ಬಿಡ್ತಾರೆ? ಹೊರಗೆ ಟೀ ಅಂಗಡಿಯ ಒಲೆ ಮುಂದೆ ಕಾಯಿಸಿದರೂ ಮೊದಲರ್ಧ ಮುಗಿಯೋದರೊಳಗೆ ಮತ್ತೆ ಮಂಕಾಗುತ್ತೆ. ಹಾಗಾಗಿ ಫೈಬರ್ ಹಾಳೆಯದ್ದು ತಂದೆವು. ನಾದ ಸ್ವಲ್ಪ ತೆಳು. ಆದರೆ ಮಳೆ ಬಂದರೂ ಅಷ್ಟೇ, ಬಿಸಿಲು ಬಂದರೂ ಅಷ್ಟೇ.

ಅಂದಹಾಗೆ, ದಿನಾಂಕ ಗೊತ್ತಿರುವುದು ಎಷ್ಟು ದೊಡ್ಡ ಭಾಗ್ಯ ಅಂತ ತಿಳಿದದ್ದು ಮರುವರ್ಷ. 2025ರ ಜುಲೈನಲ್ಲಿ, ಲೀಗ್ ನಡೆಸುವ ಒಪ್ಪಂದ ಇತ್ಯರ್ಥವಾಗದೆ ಐಎಸ್‌ಎಲ್ ಅನ್ನೇ ತಡೆಹಿಡಿದರು. ಪಟ್ಟಿಯೇ ಇಲ್ಲ. ಆಗಸ್ಟ್ ಹೋಯ್ತು, ಗಣಪತಿ ಹೋದ, ದಸರಾನೂ ಮುಗೀತು. ದಿನಾಂಕ ಇಲ್ಲದೆ ಬಟ್ಟೆ ತರೋಕೆ ಕಾಲೇ ಏಳಲಿಲ್ಲ. ಕೊನೆಗೆ ಶುರುವಾದದ್ದು 2026ರ ಫೆಬ್ರವರಿಯಲ್ಲಿ. ಬಣ್ಣ ಒಣಗಿಸೋಕೆ ಹೇಳಿ ಮಾಡಿಸಿದ ಹವಾ, ಅದೊಂದೇ ಸಮಾಧಾನ.

2024ಕ್ಕೆ ವಾಪಸ್ ಬರುತ್ತೇನೆ. ಹಿಂದಿನ ರಾತ್ರಿ ನನಗೆ ನಿದ್ದೆ ಬರಲ್ಲ, ಅದಕ್ಕೆ ಏನೂ ಉಪಾಯ ಸಿಕ್ಕಿಲ್ಲ. ಪಂದ್ಯದ ದಿನ ಬೇಗ ಹೊರಟು ಕಬ್ಬನ್ ಪಾರ್ಕ್ ಮೆಟ್ರೋದಲ್ಲಿ ಇಳಿದೆವು. ಗೇಟಿನಲ್ಲಿ ಬ್ಯಾನರ್ ಬಿಚ್ಚಿ ತೋರಿಸುವುದು, ಡ್ರಮ್ ಒಳಗೆ ಕೈ ಹಾಕಿ ನೋಡುವುದು, ಕೋಲು ಬೇಡ ಅನ್ನುವುದು, ಎಲ್ಲ ಇದ್ದದ್ದೇ. ಅದಕ್ಕೇ ಬ್ಯಾನರ್‌ಗೆ ಕೋಲು ಹಾಕದೆ ನಾಡಾ ಹಾಕಿಸುವುದು. ಕೆಂಪು-ಹಳದಿ ಜೆರ್ಸಿಯ ಬಂಗಾಳಿ ಹುಡುಗರೂ ಸಾಕಷ್ಟು ಬಂದಿದ್ದರು, ಇಲ್ಲೇ ಕೆಲಸ ಮಾಡುವವರು. ನನ್ನ ಪಾಂಡವರ ಸಾಲು ಅವರಿಗೆ ಖಂಡಿತ ಅರ್ಥವಾಗುತ್ತಿತ್ತು.

ತಂಡಗಳು ಬಂದಾಗ ಬ್ಯಾನರ್ ಎದ್ದಿತು, ನೆಟ್ಟಗೇ ಎದ್ದಿತು. ನೊಗೆರಾ ಹಾಡು ರೆಡಿ, ಡಿಯಾಸ್ ಹಾಡು ರೆಡಿ, ಛೆಟ್ರಿದಂತೂ ಕೇಳಲೇಬೇಡಿ. 25ನೇ ನಿಮಿಷಕ್ಕೆ ಗೋಲು ಬಂತು. ಹೊಡೆದವನು ವಿನೀತ್ ವೆಂಕಟೇಶ್. ಹತ್ತೊಂಬತ್ತರ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು, ಐಎಸ್‌ಎಲ್‌ನಲ್ಲಿ ಅದೇ ಮೊದಲ ಪಂದ್ಯ. ಅವನಿಗೆ ಯಾರೂ ಹಾಡು ಬರೆದಿರಲಿಲ್ಲ! ಕಂಬಿ ಮೇಲಿದ್ದವನು ನನ್ನ ಕಡೆ ತಿರುಗಿ ಏನು ಅನ್ನುವಂತೆ ಕೈ ಆಡಿಸಿದ. ನಾನು ತಮಟೆಯವನ ಮುಖ ನೋಡಿದೆ. ಅವನು ಹಿಂದಿನ ವಾರವಿಡೀ ಗಣಪತಿ ಮುಂದೆ ಬಾರಿಸಿದ್ದ ಮೆರವಣಿಗೆ ಪೆಟ್ಟನ್ನೇ ಶುರು ಮಾಡಿದ. ಅದರ ಮೇಲೆ "ವಿನೀತ್, ವಿನೀತ್" ಅಂತ ಸಲೀಸಾಗಿ ಕೂತಿತು. ಪಂದ್ಯ 1-0. ಆಮೇಲೆ ಹೈದರಾಬಾದ್ ಎದುರು 3-0, ಮೋಹನ್ ಬಗಾನ್ ಎದುರು 3-0. ಬ್ಯಾನರ್‌ನ ಎಡ ಅಂಚಿನ ನಾಡಾ ಕಿತ್ತುಬಂದಿತ್ತು, ಅದನ್ನು ಮತ್ತೆ ಹೊಲಿಸೋಕೆ ಟೈಲರ್ ಹತ್ತಿರ ಹೋಗುವಷ್ಟು ಪುರುಸೊತ್ತೂ ಸಿಗಲಿಲ್ಲ. ಸೇಫ್ಟಿ ಪಿನ್ನಲ್ಲೇ ಡಿಸೆಂಬರ್‌ವರೆಗೂ ಓಡಿಸಿದೆವು.